ಒಂದು ಲೀರಾದ ಹಳದಿ ಪುಸ್ತಕ

ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಸಾನ್ ಲೊರೆಂಜೊ ಎಂಬ ಚೌಕವಿದೆ. 1860ರ ಜೂನ್ ತಿಂಗಳ ಒಂದು ದಿನ, ಬಿಸಿಲು ಏರಿದ ಹೊತ್ತಿನಲ್ಲಿ, ಅಲ್ಲಿಯ ಹಳೆಯ ಸಾಮಾನಿನ ಅಂಗಡಿಯೊಂದರ ಮುಂದೆ ಒಬ್ಬ ಇಂಗ್ಲಿಷ್ ಕವಿ ನಿಂತನು. ಚಿತ್ರಗಳ ಹಳೆಯ ಚೌಕಟ್ಟುಗಳು, ದೀಪಗಳು, ಬಿಡಿ ಪುಸ್ತಕಗಳ ನಡುವೆ ತೊಗಲಿನ ರಟ್ಟು ಹಾಕಿದ, ಹಳದಿಗಟ್ಟಿದ ಒಂದು ಹೊತ್ತಗೆ ಬಿದ್ದಿತ್ತು. ಕೆಲಭಾಗ ಅಚ್ಚಿನದು, ಕೆಲಭಾಗ ಕೈಬರಹದ್ದು. ಭಾಷೆ ಬಹುಮಟ್ಟಿಗೆ ಲ್ಯಾಟಿನ್, ಅಲ್ಲಲ್ಲಿ ಇಟಾಲಿಯನ್. ಕವಿ ಒಂದು ಲೀರಾ ಕೊಟ್ಟು ಅದನ್ನು ಕೊಂಡನು. ಇಂಗ್ಲಿಷ್ ಲೆಕ್ಕದಲ್ಲಿ ಎಂಟು ಪೆನ್ಸು. ಕೊಂಡ ಜಾಗದಿಂದಲೇ ಓದಲು ತೊಡಗಿ, ಬೀದಿಯುದ್ದಕ್ಕೂ ಓದುತ್ತಲೇ ನಡೆದು, ಮನೆ ಸೇರುವಷ್ಟರಲ್ಲಿ ಅದರ ಸಾರವನ್ನೆಲ್ಲ ತಿಳಿದುಕೊಂಡಿದ್ದನು. ಆ ಕವಿ ರಾಬರ್ಟ್ ಬ್ರೌನಿಂಗ್. ಆ ಪುಸ್ತಕ 1698ರಲ್ಲಿ ರೋಮಿನಲ್ಲಿ ನಡೆದ ಕೊಲೆಯೊಂದರ ಮೊಕದ್ದಮೆಯ ಕಾಗದಪತ್ರಗಳ ಕಟ್ಟು.

ಎಂಟು ವರ್ಷಗಳ ತರುವಾಯ ಆ ಕಟ್ಟಿನಿಂದ ಹನ್ನೆರಡು ಕಾಂಡಗಳ, ಇಪ್ಪತ್ತೊಂದು ಸಾವಿರ ಸಾಲುಗಳನ್ನು ಮೀರಿದ ಮಹಾಕಾವ್ಯವೊಂದು ಹುಟ್ಟಿತು. 'ದಿ ರಿಂಗ್ ಅಂಡ್ ದಿ ಬುಕ್' ಎಂಬ ಈ ಕಾವ್ಯ 1868ರ ನವೆಂಬರಿನಿಂದ 1869ರ ಫೆಬ್ರವರಿಯವರೆಗೆ ನಾಲ್ಕು ಸಂಪುಟಗಳಲ್ಲಿ ಹೊರಬಂದಿತು. ಹೆಂಡತಿಯ ಮೇಲಿನ ಶಂಕೆಯಿಂದ ಗಂಡ ಮಾಡಿದ ಕೊಲೆ ಮಹಾಕಾವ್ಯಕ್ಕೆ ವಸ್ತುವಾಗಬಲ್ಲುದೆ? ಪೊಲೀಸು ಠಾಣೆಗೂ ಕೋರ್ಟಿಗೂ ಸಲ್ಲಬೇಕಾದ ಸಂಗತಿಯನ್ನು ಹಿಡಿದುಕೊಂಡು ಕವಿಯೊಬ್ಬ ತನ್ನ ಬಾಳಿನ ಉತ್ತಮ ವರ್ಷಗಳನ್ನು ಕಳೆದದ್ದೇಕೆ? ಹತ್ತೊಂಬತ್ತನೆಯ ಶತಮಾನದ ಕಾವ್ಯವನ್ನು ಓದುವವರಿಗೆ ಈ ಪ್ರಶ್ನೆ ಬಾರದೆ ಇರದು.

ಮಾತಿಲ್ಲದ ಹೆಂಗಸರು

ಮತ್ಸರ ನಮಗೆ ಹೊಸದಲ್ಲ. ಅರಿಷಡ್ವರ್ಗದಲ್ಲಿ ಅದಕ್ಕೆ ಕೊನೆಯ ಪೀಠವನ್ನು ನಮ್ಮ ಹಿರಿಯರು ಎಂದೋ ಕೊಟ್ಟಿದ್ದಾರೆ. ಆದರೆ ಕಾವ್ಯಕ್ಕೆ ಬಂದಾಗ ನಮ್ಮ ಆಲಂಕಾರಿಕರು ಅದನ್ನು ಬೇರೊಂದು ಕಡೆ ಇಟ್ಟರು. ವಿಪ್ರಲಂಭ ಶೃಂಗಾರದಲ್ಲಿ ಈರ್ಷ್ಯಾಮಾನವೆಂಬುದೊಂದುಂಟು, ಅದು ಹೆಂಗಸಿನದು. ಗಂಡ ಬೇರೊಬ್ಬಳಲ್ಲಿ ಮನಸ್ಸಿಟ್ಟನೆಂದು ತಿಳಿದ ಖಂಡಿತನಾಯಿಕೆ ಮುನಿಯುತ್ತಾಳೆ, ಕಣ್ಣೀರಿಡುತ್ತಾಳೆ, ಕೊನೆಗೆ ಒಲಿಯುತ್ತಾಳೆ. ಅಲ್ಲಿ ರಕ್ತ ಹರಿಯುವುದಿಲ್ಲ. ಯೂರೋಪಿನ ಹತ್ತೊಂಬತ್ತನೆಯ ಶತಮಾನದ ಕವಿಗಳು ಕೈಹಾಕಿದ್ದು ಗಂಡಸಿನ ಈರ್ಷ್ಯೆಗೆ. ಅದರ ಕೈಯಲ್ಲಿ ಕತ್ತಿಯಿರುತ್ತದೆ. ಅನೇಕ ವೇಳೆ ಕಾನೂನೂ ಇರುತ್ತದೆ.

ರಷ್ಯದ ಪುಷ್ಕಿನ್ 1827ರಲ್ಲಿ ಪ್ರಕಟಿಸಿದ 'ಜಿಪ್ಸಿಗಳು' ಎಂಬ ಕಾವ್ಯವನ್ನೇ ನೋಡಬಹುದು. ನಾಗರಿಕ ಜೀವನಕ್ಕೆ ಬೇಸತ್ತು ಅಲೆಮಾರಿಗಳೊಡನೆ ಸೇರಿದ ಆಲೆಕೊ, ತನ್ನ ಜಿಪ್ಸಿ ಹೆಂಡತಿ ಬೇರೊಬ್ಬನನ್ನು ಒಲಿದಳೆಂದು ಇಬ್ಬರನ್ನೂ ಕೊಲ್ಲುತ್ತಾನೆ. ಅವಳ ಮುದಿ ತಂದೆಯನ್ನೂ ಹಿಂದೆ ಅವನ ಹೆಂಡತಿ ಬಿಟ್ಟುಹೋಗಿದ್ದಳು. ಅವನು ಯಾರನ್ನೂ ಕೊಂದಿರಲಿಲ್ಲ. ಮಗಳನ್ನು ಕೊಂದವನ ಮೇಲೂ ಆ ಮುದುಕ ಕೈಯೆತ್ತುವುದಿಲ್ಲ. ತಮ್ಮ ಗುಂಪನ್ನು ಬಿಟ್ಟು ಹೋಗೆಂದಷ್ಟೇ ಹೇಳುತ್ತಾನೆ. ಕಾಡುಜನರೆನಿಸಿಕೊಂಡವರ ಸಂಯಮದ ಮುಂದೆ ನಾಗರಿಕನ ಸ್ವಾತಂತ್ರ್ಯಪ್ರೇಮದ ಬಣ್ಣ ಬಯಲಾಗುತ್ತದೆ: ಅವನು ಬಯಸಿದ ಸ್ವಾತಂತ್ರ್ಯ ತನಗೊಬ್ಬನಿಗೆ ಮಾತ್ರ. ಇದನ್ನು ಬರೆದ ಪುಷ್ಕಿನ್ ತಾನೇ ತನ್ನ ಹೆಂಡತಿಯ ಹೆಸರಿಗೆ ತಗುಲಿದ ಅಪವಾದದ ಕಾರಣ 1837ರಲ್ಲಿ ದ್ವಂದ್ವಯುದ್ಧಕ್ಕೆ ನಿಂತು, ಗುಂಡೇಟು ತಿಂದು ಪ್ರಾಣಬಿಟ್ಟನು. ತಿಳಿವಳಿಕೆ ಕಾವ್ಯಕ್ಕೆ ಬಂದಷ್ಟು ಸುಲಭವಾಗಿ ಬಾಳಿಗೆ ಬರುವುದಿಲ್ಲ.

ಬ್ರೌನಿಂಗನಿಗೆ ಈ ವಿಷಯದ ಹಂಬಲ ಚಿಕ್ಕಂದಿನಿಂದಲೇ ಇದ್ದಂತೆ ತೋರುತ್ತದೆ. 1836ರಲ್ಲಿ, ಅವನಿಗೆ ಇಪ್ಪತ್ತಮೂರು ವರ್ಷವಾಗಿದ್ದಾಗ, ಪತ್ರಿಕೆಯೊಂದರಲ್ಲಿ ಅರುವತ್ತು ಸಾಲುಗಳ ಕವನವೊಂದು ಪ್ರಕಟವಾಯಿತು. ಈಗ ಅದು 'ಪಾರ್ಫಿರಿಯಳ ಪ್ರಿಯಕರ' ಎಂದು ಹೆಸರಾಗಿದೆ. ಬಿರುಗಾಳಿಯ ರಾತ್ರಿ ತನ್ನನ್ನು ಅರಸಿ ಬಂದ ಪ್ರೇಯಸಿ ಆ ಗಳಿಗೆಯಲ್ಲಿ ಸಂಪೂರ್ಣವಾಗಿ ತನ್ನವಳು ಎಂದು ಪ್ರಿಯಕರನಿಗೆ ಹೊಳೆಯುತ್ತದೆ. ಆ ಗಳಿಗೆ ಜಾರಿಹೋಗಬಾರದೆಂದು ಅವಳ ಕೂದಲಿನಿಂದಲೇ ಅವಳ ಕೊರಳಿಗೆ ಉರುಲು ಬಿಗಿಯುತ್ತಾನೆ. ಕೋಪವಿಲ್ಲ, ಕಿರುಚಾಟವಿಲ್ಲ. ಕೊಲೆಗಾರನು ಸಮಾಧಾನದ ದನಿಯಲ್ಲಿ ಎಲ್ಲವನ್ನೂ ಹೇಳುತ್ತಾನೆ. ಓದುಗನ ಮೈ ನಡುಗುವುದು ಆ ಸಮಾಧಾನಕ್ಕೆ.

1842ರ 'ಮೈ ಲಾಸ್ಟ್ ಡಚೆಸ್' ಇದಕ್ಕಿಂತ ಪ್ರಸಿದ್ಧವಾದದ್ದು. ಇಂಗ್ಲಿಷ್ ಸಾಹಿತ್ಯವನ್ನು ಕಾಲೇಜಿನಲ್ಲಿ ಓದಿದ ನಮ್ಮವರಲ್ಲಿ ಇದನ್ನು ಪಠ್ಯವಾಗಿ ಓದಿದವರು ಬಹಳ ಮಂದಿ. ಫೆರಾರದ ಡ್ಯೂಕನು ತನ್ನ ಮುಂದಿನ ಮದುವೆಯ ಮಾತಿಗೆ ಬಂದ ರಾಯಭಾರಿಗೆ ಪರದೆ ಸರಿಸಿ, ತೀರಿಹೋದ ಹೆಂಡತಿಯ ಚಿತ್ರವನ್ನು ತೋರಿಸುತ್ತಾನೆ. ಅವಳು ಮಾಡಿದ ತಪ್ಪೇನು? ಎಲ್ಲರನ್ನು ಕಂಡರೂ ನಗುತ್ತಿದ್ದಳು. ಸೂರ್ಯಾಸ್ತಕ್ಕೂ, ಹಣ್ಣಿನ ಗೊಂಚಲಿಗೂ, ಡ್ಯೂಕನ ಮನೆತನದ ಹಿರಿಮೆಗೂ ಒಂದೇ ಬಗೆಯ ನಗು. ಡ್ಯೂಕನು ಅಪ್ಪಣೆ ಕೊಟ್ಟನು, ನಗು ನಿಂತಿತು. ಆ ಅಪ್ಪಣೆ ಏನೆಂದು ಮುಂದೆ ಒಬ್ಬರು ಕೇಳಿದಾಗ, ಕೊಲ್ಲಿಸಿರಬೇಕು, ಇಲ್ಲವೆ ಸಂನ್ಯಾಸಿನಿಯರ ಮಠಕ್ಕೆ ಅಟ್ಟಿರಲೂಬಹುದು ಎಂಬರ್ಥದ ಉತ್ತರವನ್ನು ಕವಿ ಕೊಟ್ಟನಂತೆ.

ಈ ಕವನದ ಹಿಂದೆ ಇತಿಹಾಸದ ಒಂದು ನೆರಳುಂಟು. ಫೆರಾರದ ಎರಡನೆಯ ಆಲ್ಫೊನ್ಸೊ 1558ರಲ್ಲಿ ಮೆದಿಚಿ ಮನೆತನದ ಲುಕ್ರೇಜಿಯಾಳನ್ನು ಮದುವೆಯಾದನು. ವಧುವಿಗೆ ಹದಿಮೂರು ವರ್ಷ. 1561ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಆಕೆ ತೀರಿಕೊಂಡಳು. ಗಂಡ ವಿಷ ಹಾಕಿಸಿದನೆಂಬ ವದಂತಿ ಹಬ್ಬಿತು; ಕ್ಷಯರೋಗದಿಂದ ಸತ್ತಿರಬೇಕೆಂಬುದು ಈಚಿನ ಇತಿಹಾಸಕಾರರ ಅಭಿಪ್ರಾಯ. ಕವಿಗೆ ಬೇಕಾದದ್ದು ವದಂತಿ. ಆದರೆ ಒಂದನ್ನು ಗಮನಿಸಬೇಕು. ಪಾರ್ಫಿರಿಯ ಕವನದುದ್ದಕ್ಕೂ ನಮಗೆ ಕೇಳಿಸುವಂತೆ ಒಂದು ಮಾತನ್ನೂ ಆಡಳು. ಡಚೆಸ್ ಬರಿಯ ಗೋಡೆಯ ಚಿತ್ರ. ಮಾತೆಲ್ಲ ಕೊಂದವನದು, ಮೌನವೆಲ್ಲ ಸತ್ತವಳದು. ಕೊಲೆಗಾರರ ಮನಸ್ಸನ್ನು ಹೊಕ್ಕು ನೋಡಬಲ್ಲ ಕವಿಗೆ ಅವಳ ಮನಸ್ಸನ್ನು ಹೊಗಲು ಇನ್ನೂ ಇಪ್ಪತ್ತೈದು ವರ್ಷ ಬೇಕಾಯಿತು.

ರೋಮಿನ ಮೊಕದ್ದಮೆ

ಹಳದಿ ಪುಸ್ತಕದಲ್ಲಿದ್ದ ಕಥೆ ಹೀಗೆ. ಆರೆಜ್ಜೊ ಎಂಬ ಊರಿನ ಕೌಂಟ್ ಗೀಡೊ ಫ್ರಾಂಚೆಸ್ಕೀನಿ ಹಳೆಯ ಮನೆತನದವನು. ಹೆಸರು ದೊಡ್ಡದು, ಕೈ ಬರಿದು. ರೋಮಿನಲ್ಲಿ ಕಾರ್ಡಿನಲ್ ಒಬ್ಬನ ಸೇವೆಯಲ್ಲಿದ್ದು ಏನೂ ದಕ್ಕದೆ, ಹಣವಂತರ ಮನೆಯ ಹುಡುಗಿಯನ್ನು ಹುಡುಕತೊಡಗಿದನು. ಪಿಯೆತ್ರೊ, ವಿಯೊಲಾಂತೆ ಎಂಬ ಕೊಂಪಾರೀನಿ ದಂಪತಿಗಳ ಒಬ್ಬಳೇ ಮಗಳು ಪೊಂಪೀಲಿಯ. 1693ರಲ್ಲಿ ಮದುವೆ ನಡೆಯಿತು. ಹುಡುಗಿಗೆ ಹದಿಮೂರು ವರ್ಷ. ಅವರಿಗೆ ಬೇಕಾದದ್ದು ಕೌಂಟ್ ಎಂಬ ಬಿರುದು, ಇವನಿಗೆ ಬೇಕಾದದ್ದು ವರದಕ್ಷಿಣೆ. ಹೆಚ್ಚು ವಿವರಿಸಬೇಕಾಗಿಲ್ಲ, ಇಂಥ ಮದುವೆಗಳನ್ನು ಅರಿಯಲು ನಾವು ರೋಮಿನವರೆಗೆ ಹೋಗಬೇಕಾಗಿಯೂ ಇಲ್ಲ.

ಅತ್ತೆ ಮಾವಂದಿರು ಅಳಿಯನ ಮನೆಗೆ ಹೋಗಿ ನೋಡಿದರೆ ಬಿರುದಿನ ಹಿಂದೆ ಬಡತನ, ಬಡತನದ ಹಿಂದೆ ಕ್ರೌರ್ಯ. ಜಗಳವಾಡಿಕೊಂಡು ಕೆಲವೇ ತಿಂಗಳಲ್ಲಿ ಅವರು ರೋಮಿಗೆ ಹಿಂತಿರುಗಿದರು. ಆಮೇಲೆ ವಿಯೊಲಾಂತೆ ಒಂದು ಗುಟ್ಟನ್ನು ಹೊರಗೆಡವಿದಳು: ಪೊಂಪೀಲಿಯ ತನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ, ಒಬ್ಬ ಬಡ ಹೆಂಗಸಿನಿಂದ ಕೊಂಡು ತಂದು ಸಾಕಿದ ಕೂಸು. ಮಗಳೇ ಅಲ್ಲದ ಮೇಲೆ ವರದಕ್ಷಿಣೆ ಯಾತರದು? ದಂಪತಿಗಳು ದಾವೆ ಹೂಡಿದರು. ಎರಡು ಮನೆಗಳ ದುಡ್ಡಿನ ಜಗಳದಲ್ಲಿ ನಡುವೆ ಸಿಕ್ಕಿಬಿದ್ದವಳು ಆರೆಜ್ಜೊದಲ್ಲಿ ಒಂಟಿಯಾಗಿ ಉಳಿದ ಹುಡುಗಿ. ಅವಳು ಊರಿನ ಗವರ್ನರನ ಬಳಿಗೆ ಹೋದಳು, ಬಿಷಪ್ಪನ ಬಳಿಗೆ ಹೋದಳು. ಇಬ್ಬರೂ ಗಂಡನ ಮನೆಗೆ ಹಿಂತಿರುಗೆಂದರು.

1697ರ ಏಪ್ರಿಲ್ ಕೊನೆಯಲ್ಲಿ ಕಾಪೊನ್ಸಾಕಿ ಎಂಬ ಯುವಕ ಪಾದ್ರಿಯ ನೆರವಿನಿಂದ ಪೊಂಪೀಲಿಯ ರೋಮಿನ ಕಡೆಗೆ ಓಡಿಹೋದಳು. ರೋಮು ಇನ್ನು ಸ್ವಲ್ಪ ದೂರವಿರುವಾಗ ಕಾಸ್ತೆಲ್‌ನೂವೊವಿನ ಛತ್ರದಲ್ಲಿ ಗಂಡ ಅವರನ್ನು ಹಿಡಿದನು. ಆಗ ಹೆಂಡತಿಯೇ ಕತ್ತಿ ಹಿರಿದು ಅವನ ಮೇಲೆ ಏರಿಹೋದಳೆಂದು ದಾಖಲೆ ಹೇಳುತ್ತದೆ. ಗೀಡೊ ಆಗ ಕೊಲ್ಲಲಿಲ್ಲ, ಕೋರ್ಟಿಗೆ ಹೋದನು. ಪಾದ್ರಿಗೆ ಮೂರು ವರ್ಷ ಚಿವಿತಾವೆಕ್ಕಿಯಾದಲ್ಲಿರುವ ಶಿಕ್ಷೆಯಾಯಿತು. ಪೊಂಪೀಲಿಯಳನ್ನು ಮಠವೊಂದರಲ್ಲಿ ಇರಿಸಿ, ಬಸುರಿಯೆಂದು ತಿಳಿದ ಮೇಲೆ ಸಾಕುತಂದೆತಾಯಿಗಳ ಮನೆಗೆ ಕಳುಹಿಸಿದರು. ಡಿಸೆಂಬರ್ 18ರಂದು ಗಂಡುಮಗು ಹುಟ್ಟಿತು.

1698ರ ಜನವರಿ 2ರ ರಾತ್ರಿ ಆ ಮನೆಯ ಬಾಗಿಲನ್ನು ಯಾರೋ ತಟ್ಟಿದರು. ಒಳಗಿನವರು ಕೇಳಿದಾಗ ಕಾಪೊನ್ಸಾಕಿಯ ಹೆಸರು ಹೇಳಿದರು. ಬಾಗಿಲು ತೆರೆಯಿತು. ಒಳಗೆ ನುಗ್ಗಿದವರು ಗೀಡೊ ಮತ್ತು ಅವನು ಬಾಡಿಗೆಗೆ ಕರೆತಂದಿದ್ದ ನಾಲ್ವರು. ಮುದುಕ ಮುದುಕಿಯರು ಅಲ್ಲಿಯೇ ಸತ್ತರು. ಪೊಂಪೀಲಿಯಳಿಗೆ 22 ಗಾಯಗಳಾದರೂ ನಾಲ್ಕು ದಿನ ಜೀವ ಹಿಡಿದುಕೊಂಡಿದ್ದಳು. ಆ ನಾಲ್ಕು ದಿನ ಅವಳು ಆಡಿದ ಮಾತೇ ಮೊಕದ್ದಮೆಯ ಜೀವಾಳವಾಯಿತು. ಅವಳ ಕೊನೆಯ ನಿವೇದನೆಯನ್ನು ಕೇಳಿದ ಸಂನ್ಯಾಸಿ ಫ್ರಾ ಚೆಲೆಸ್ತೀನೊ, ಅವಳು ನಿರ್ದೋಷಿಯೆಂದು ಬರೆದುಕೊಟ್ಟನು. ಹಂತಕರಿಗೆ ಅಂಚೆಯ ಕುದುರೆಗಳು ಸಿಗಲಿಲ್ಲ. ಅದಕ್ಕೆ ಬೇಕಾದ ರಹದಾರಿಯನ್ನು ಪಡೆಯಲು ಮರೆತಿದ್ದರು. ಓಡಿ ದಣಿದು ಮಲಗಿದ್ದಲ್ಲಿಯೇ ಸಿಕ್ಕಿಬಿದ್ದರು.

ಮಾನದ ವಾದ

ಕೊಂದದ್ದನ್ನು ಯಾರೂ ಅಲ್ಲಗಳೆಯಲಿಲ್ಲ. ನ್ಯಾಯಾಲಯದ ಮುಂದಿದ್ದ ಪ್ರಶ್ನೆ, ಹೆಂಡತಿ ವ್ಯಭಿಚಾರಿಣಿಯೆಂದು ನಂಬಿದ ಗಂಡ ಅವಳನ್ನು ಕೊಂದರೆ ಅವನಿಗೆ ಮರಣದಂಡನೆ ಸಲ್ಲುವುದೆ ಎಂಬುದು. ಗೀಡೊ ಪರವಾಗಿ ಆರ್ಕಾಂಜೆಲಿ ಎಂಬ ವಕೀಲನು ರೋಮನ್ ಕಾನೂನನ್ನೆಲ್ಲ ಉದ್ಧರಿಸಿ ವಾದಿಸಿದನು: ಇದು ಮಾನದ ಸಲುವಾಗಿ ನಡೆದ ಕೊಲೆ, ದೇಹದ ಗಾಯ ಮಾಯುತ್ತದೆ, ಮಾನದ ಗಾಯ ಮಾಯುವುದಿಲ್ಲ, ಆದ್ದರಿಂದ ಎಷ್ಟು ತಿಂಗಳು ಕಳೆದು ಕೊಂದರೂ ಅದು ಸಿಟ್ಟಿನ ಭರದಲ್ಲಿ ಕೊಂದ ಹಾಗೆಯೇ. ಸರಕಾರದ ಕಡೆಯ ಉತ್ತರ ಸರಳವಾಗಿತ್ತು. ಸಿಟ್ಟಿದ್ದವನು ಛತ್ರದಲ್ಲಿ ಕಣ್ಣಾರೆ ಕಂಡಾಗ ಸುಮ್ಮನಿದ್ದು, ಕೋರ್ಟಿಗೆ ಹೋಗಿ, ಎಂಟು ತಿಂಗಳ ಮೇಲೆ ನಾಲ್ವರು ಆಳುಗಳನ್ನು ಕೂಡಿಸಿಕೊಂಡು ಬಂದದ್ದೇಕೆ? ಅತ್ತೆ ಮಾವಂದಿರು ಯಾವ ವ್ಯಭಿಚಾರ ಮಾಡಿದ್ದರು?

ಇಲ್ಲಿ ತಾರೀಖುಗಳನ್ನು ನೋಡಬೇಕು. ಮಗು ಹುಟ್ಟಿದ್ದು ಡಿಸೆಂಬರ್ 18. ಕೊಲೆ ನಡೆದದ್ದು ಜನವರಿ 2. ನಡುವೆ ಹದಿನೈದು ದಿನ. ಮಗು ಹುಟ್ಟಿದೊಡನೆ ಕೊಂಪಾರೀನಿ ಆಸ್ತಿಗೆ ಒಬ್ಬ ವಾರಸುದಾರ ಹುಟ್ಟಿದಂತಾಯಿತು. ಮುದುಕರೂ ತಾಯಿಯೂ ಇಲ್ಲವಾದರೆ ಆ ವಾರಸುದಾರನ ಯಜಮಾನಿಕೆ ತಂದೆಯದು. ಮತ್ಸರವೆಂದು ಕೋರ್ಟಿನಲ್ಲಿ ಹೇಳಿದ್ದರ ಹೊಟ್ಟೆಯಲ್ಲಿ ಲೆಕ್ಕಾಚಾರವಿತ್ತೆಂದು ಬ್ರೌನಿಂಗ್ ನಂಬಿದನು. ಕಾವ್ಯದ ತಿರುಳು ಇದೇ. ಗೀಡೊ ಪೊಂಪೀಲಿಯಳನ್ನು ಎಂದೂ ಪ್ರೀತಿಸಲಿಲ್ಲ. ಪ್ರೀತಿಯಿಲ್ಲದ ಕಡೆಯೂ ಮತ್ಸರವಿರಬಲ್ಲುದು, ಏಕೆಂದರೆ ಅದು ಅನೇಕ ವೇಳೆ ಸೊತ್ತಿನ ಕಾವಲಿಗೆ ಇಟ್ಟ ಚೆಂದದ ಹೆಸರು.

ನ್ಯಾಯಾಲಯ ಮರಣದಂಡನೆ ವಿಧಿಸಿತು. ಗೀಡೊ ತಾನು ಚರ್ಚಿನ ಕಿರಿಯ ದೀಕ್ಷೆ ಪಡೆದವನೆಂದು ರಿಯಾಯಿತಿ ಕೇಳಿದನು. ಎಂಬತ್ತು ದಾಟಿದ ಪೋಪ್ ಹನ್ನೆರಡನೆಯ ಇನ್ನೊಸೆಂಟ್ ಅದನ್ನು ತಳ್ಳಿಹಾಕಿದನು. 1698ರ ಫೆಬ್ರವರಿ 22ರಂದು ಪಿಯಾಜಾ ದೆಲ್ ಪೊಪೊಲೊ ಚೌಕದಲ್ಲಿ ನಾಲ್ವರನ್ನು ಗಲ್ಲಿಗೇರಿಸಿ, ಕೌಂಟನ ತಲೆಯನ್ನು ಕಡಿದರು. ಸಾವಿನಲ್ಲಿಯೂ ಅಂತಸ್ತಿನ ಭೇದ ತಪ್ಪಲಿಲ್ಲ. ಕಥೆ ಇಷ್ಟಕ್ಕೆ ಮುಗಿಯಲಿಲ್ಲ. ದಾರಿತಪ್ಪಿದ ಹೆಂಗಸರ ಆಸ್ತಿಗೆ ಹಕ್ಕುಳ್ಳ ಮಠವೊಂದು ಪೊಂಪೀಲಿಯಳ ಆಸ್ತಿ ತನ್ನದೆಂದು ಮುಂದೆ ಬಂದಿತು. ಕೊಂದವನು ಸತ್ತ ಮೇಲೂ ಅವನು ಹೊರಿಸಿದ ಅಪವಾದ ಬದುಕಿತ್ತು. ಅದೇ ವರ್ಷ ನ್ಯಾಯಾಲಯ ಮತ್ತೆ ಕೂತು, ಅವಳ ಹೆಸರಿಗೆ ಕಳಂಕವಿಲ್ಲವೆಂದು ತೀರ್ಪು ಕೊಡಬೇಕಾಯಿತು.

ಚಿನ್ನ ಮತ್ತು ಬೆರಕೆ

ಈ ಕಥೆಯನ್ನು ಬ್ರೌನಿಂಗ್ ಒಬ್ಬರ ಬಾಯಲ್ಲಿ ಹೇಳಿಸಲಿಲ್ಲ. ಮೊದಲ ಮತ್ತು ಕೊನೆಯ ಕಾಂಡ ಕವಿಯವು. ನಡುವಿನ ಹತ್ತರಲ್ಲಿ ಒಂಬತ್ತು ದನಿಗಳು ಒಂದೇ ಸಂಗತಿಯನ್ನು ಹೇಳುತ್ತವೆ; ಗೀಡೊ ಮಾತ್ರ ಎರಡು ಸಲ. ಅರ್ಧ ರೋಮು ಗಂಡನ ಪಕ್ಷ. ಅದರ ಪರವಾಗಿ ಮಾತಾಡುವವನಿಗೆ ತನ್ನ ಹೆಂಡತಿಯ ಮೇಲೇ ಅನುಮಾನವಿದೆಯೆಂದು ಕೊನೆಯಲ್ಲಿ ತಿಳಿಯುತ್ತದೆ! ಇನ್ನರ್ಧ ರೋಮು ಹೆಂಡತಿಯ ಪಕ್ಷ. ಮೂರನೆಯವನು ದೊಡ್ಡವರ ಮುಂದೆ ಜಾಣತನ ತೋರಿಸಿ, ಎರಡೂ ಕಡೆ ಸೇರದೆ ಜಾರಿಕೊಳ್ಳುತ್ತಾನೆ. ವಕೀಲ ಆರ್ಕಾಂಜೆಲಿ ವಾದಪತ್ರ ಬರೆಯುತ್ತ ತನ್ನ ಮಗನ ಹುಟ್ಟುಹಬ್ಬದ ಊಟವನ್ನೇ ನೆನೆಯುತ್ತಾನೆ. ಎದುರಾಳಿ ಬೊತ್ತೀನಿಯು ಪೊಂಪೀಲಿಯಳನ್ನು ಎತ್ತಿಹಿಡಿಯುವ ಭರದಲ್ಲಿ ಅವಳು ತಪ್ಪು ಮಾಡಿದ್ದರೂ ಕ್ಷಮ್ಯ ಎನ್ನುವ ಮಟ್ಟಕ್ಕೆ ಇಳಿಯುತ್ತಾನೆ. ಹೀಗೆ ಮಿತ್ರನೂ ಶತ್ರುವೂ ಸೇರಿ ಸತ್ತವಳ ಮೇಲೆ ಮಣ್ಣೆಳೆಯುವ ದೃಶ್ಯವನ್ನು ಕೋರ್ಟು ಕಂಡವರು ಬಲ್ಲರು.

ಇಷ್ಟೆಲ್ಲರ ನಡುವೆ, ಏಳನೆಯ ಕಾಂಡದಲ್ಲಿ, ಪೊಂಪೀಲಿಯ ಸಾವಿನ ಹಾಸಿಗೆಯಿಂದ ಮಾತಾಡುತ್ತಾಳೆ. ಅವಳಿಗೆ ಹದಿನೇಳು ವರ್ಷ. ಎರಡು ವಾರದ ಮಗುವಿನ ತಾಯಿ. ಮಗುವಿನ ಮುಖವನ್ನು ಮತ್ತೆ ಕಾಣಲಾರೆನೆಂಬ ಸಂಕಟ, ತನ್ನನ್ನು ಕಾಪಾಡಲು ಬಂದವನ ಮೇಲೆ ಕೃತಜ್ಞತೆ, ಕೊಂದವನನ್ನು ಕ್ಷಮಿಸಿಬಿಡುವ ಹಂಬಲ — ಇವೇ ಅವಳ ಮಾತು. 1836ರಲ್ಲಿ ಉರುಲಿಗೆ ಸಿಕ್ಕವಳಿಗೂ 1842ರಲ್ಲಿ ಚಿತ್ರವಾಗಿ ನಿಂತವಳಿಗೂ ಇಲ್ಲದ ದನಿಯನ್ನು ಕವಿ ಕೊನೆಗೂ ಕೊಟ್ಟನು. ಹನ್ನೊಂದನೆಯ ಕಾಂಡದಲ್ಲಿ ಗೀಡೊ ಸೆರೆಮನೆಯಲ್ಲಿ ಹಲ್ಲುಕಡಿಯುತ್ತ, ಬೈಯುತ್ತ, ಅಂಗಲಾಚುತ್ತ, ಕೊಂಡೊಯ್ಯುವವರು ಬಂದು ನಿಂತಾಗ ದೇವರು ಧರ್ಮಗುರುಗಳ ಹೆಸರನ್ನೆಲ್ಲ ಮೀರಿ ಕಟ್ಟಕಡೆಗೆ ಕೂಗುವುದು ತಾನು ಕೊಂದ ಹೆಂಡತಿಯ ಹೆಸರನ್ನು. ಅವಳ ಒಳ್ಳೆಯತನಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಿಲ್ಲ.

ಇದರಲ್ಲಿ ನಿಜವೆಷ್ಟು, ಕಲ್ಪನೆಯೆಷ್ಟು? ಕವಿಯೇ ಅದಕ್ಕೆ ಉಂಗುರದ ಉಪಮೆ ಕೊಟ್ಟಿದ್ದಾನೆ. ಅಪರಂಜಿಯಿಂದ ಒಡವೆ ಆಗದು. ಅಕ್ಕಸಾಲಿಗ ಬೇರೆ ಲೋಹ ಬೆರೆಸಿ ಉಂಗುರ ಮಾಡಿ, ಆಮೇಲೆ ಆಮ್ಲ ಹಾಕಿ ಮೇಲಿನ ಬೆರಕೆಯನ್ನು ತೆಗೆಯುತ್ತಾನೆ. ಹಳದಿ ಪುಸ್ತಕ ಚಿನ್ನ, ತನ್ನ ಕಲ್ಪನೆ ಬೆರಕೆ. ಆದರೆ ಬೆರಕೆ ಎಲ್ಲ ಕಡೆಯೂ ಹೋಗಿಲ್ಲ. ಏಪ್ರಿಲ್ ಕೊನೆಯ ಪಲಾಯನವನ್ನು ಕವಿ 23ನೆಯ ತಾರೀಖಿಗೆ ಹಿಂದಕ್ಕೆ ತಂದನು. ಅದು ಕನ್ಯೆಯನ್ನು ಘಟಸರ್ಪದಿಂದ ಬಿಡಿಸಿದ ಸಂತ ಜಾರ್ಜನ ಹಬ್ಬ. ನಲವತ್ತರ ಗೀಡೊನನ್ನು ಐವತ್ತರ ಸಮೀಪಕ್ಕೆ ಒಯ್ದನು. ಪೊಂಪೀಲಿಯಳಿಗೆ ಓದುಬರಹ ಬಾರದೆಂದೂ, ಅವಳದೆಂದು ತೋರಿಸಿದ ಪ್ರೇಮಪತ್ರಗಳು ಗಂಡನ ಕೃತ್ರಿಮವೆಂದೂ ಅವನು ನಂಬಿದನು. ದಾಖಲೆಗಳನ್ನು ಶೋಧಿಸಿದ ವಿದ್ವಾಂಸರಲ್ಲಿ ಹಲವರು ಅಷ್ಟು ದೃಢವಾಗಿ ಹೇಳಲಾರರು. ಇರಲಿ. ಅವಳು ಕಾವ್ಯದ ಪೊಂಪೀಲಿಯಳಷ್ಟು ನಿರ್ಮಲಳಲ್ಲದೆ ಪಾದ್ರಿಯನ್ನು ಪ್ರೀತಿಸಿದ್ದಳೆಂದೇ ಇಟ್ಟುಕೊಂಡರೂ 22 ಗಾಯಗಳಲ್ಲಿ ಒಂದಾದರೂ ನ್ಯಾಯವಾಗುವುದೆ? ಈ ಒಂದು ಪ್ರಶ್ನೆಯನ್ನು ಕವಿ ಬದಿಗಿಟ್ಟನೆಂಬುದು ಕಾವ್ಯದ ಕೊರತೆ. ಹೆಂಡತಿ ದೇವತೆಯಾಗಿದ್ದರೆ ಮಾತ್ರ ಕೊಲೆ ಅನ್ಯಾಯ ಎನ್ನುವಂತೆ ಅದು ಕೆಲವೆಡೆ ಓದಿಸಿಕೊಳ್ಳುತ್ತದೆ.

ಕವಿಯ ಬಾಳನ್ನು ಬಲ್ಲವರಿಗೆ ಇದರ ಕಾರಣ ಹೊಳೆಯುತ್ತದೆ. 1846ರಲ್ಲಿ ಬ್ರೌನಿಂಗ್ ತನಗಿಂತ ಆರು ವರ್ಷ ಹಿರಿಯಳಾದ, ಕಾಯಿಲೆಯ ಕವಯಿತ್ರಿ ಎಲಿಜಬೆತ್ ಬ್ಯಾರೆಟ್ಟಳನ್ನು ಗುಟ್ಟಾಗಿ ಮದುವೆಯಾದನು. ಮಕ್ಕಳು ಯಾರೂ ಮದುವೆಯಾಗಕೂಡದೆಂದು ಹಟ ಹಿಡಿದಿದ್ದ ತಂದೆಯ ಮನೆಯಿಂದ ಆಕೆಯನ್ನು ಇಟಲಿಗೆ ಕರೆದೊಯ್ದನು. ಪುಸ್ತಕ ಸಿಕ್ಕ ಮರುವರ್ಷ, 1861ರ ಜೂನ್ 29ರಂದು, ಆಕೆ ಫ್ಲಾರೆನ್ಸಿನಲ್ಲಿ ತೀರಿಕೊಂಡರು. ಕಾಪೊನ್ಸಾಕಿಯ ಕುದುರೆಗಾಡಿ ರೋಮಿನತ್ತ ಓಡುವಾಗ ಕವಿಯ ಕಣ್ಣ ಮುಂದೆ ಇನ್ನೊಂದು ಪಯಣ ಇದ್ದಿರಬೇಕು. ಕಾವ್ಯದಲ್ಲಿ ಮತ್ಸರಕ್ಕೆ ಎದುರಾಗಿ ನಿಂತ ಪ್ರೇಮ ಅಲ್ಲಿಂದ ಬಂದದ್ದು.

ಕಾನೂನಿನ ನಿಧಾನ

ಕಾವ್ಯ ಮುಗಿದ 1869ರಲ್ಲಿಯೇ ಜಾನ್ ಸ್ಟುವರ್ಟ್ ಮಿಲ್ಲನ 'ಸ್ತ್ರೀಯರ ದಾಸ್ಯ' ಪ್ರಕಟವಾಯಿತು. 1857ರ ಇಂಗ್ಲಿಷ್ ವಿಚ್ಛೇದನ ಕಾನೂನಿನಲ್ಲಿ ಹೆಂಡತಿಯ ವ್ಯಭಿಚಾರವೊಂದನ್ನೇ ತೋರಿಸಿ ಗಂಡ ಬಿಡುಗಡೆ ಪಡೆಯಬಹುದಾಗಿತ್ತು; ಹೆಂಡತಿಯಾದರೆ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಸಿದ್ಧಪಡಿಸಬೇಕಾಗಿತ್ತು. ಹೊಡೆದು ಬಡಿದು ಶಿಕ್ಷೆಗೊಳಗಾದ ಗಂಡನಿಂದ ಬೇರೆಯಿರುವ ಅಪ್ಪಣೆಯನ್ನು ಮ್ಯಾಜಿಸ್ಟ್ರೇಟರು ಕೊಡಬಹುದೆಂದು ಆದದ್ದು 1878ರಲ್ಲಿ. ಪೊಂಪೀಲಿಯ ಗವರ್ನರನ ಬಾಗಿಲಿನಲ್ಲಿ ಕೇಳಿದ್ದು ಅಷ್ಟನ್ನೇ.

ಇನ್ನು ಆರ್ಕಾಂಜೆಲಿಯ ವಾದ? ಅದು ಅವನೊಡನೆ ಸಾಯಲಿಲ್ಲ. ಮಾನದ ಸಲುವಾಗಿ ಹೆಂಡತಿ, ಮಗಳು ಅಥವಾ ತಂಗಿಯನ್ನು ಕೊಂದವನಿಗೆ ಮೂರರಿಂದ ಏಳು ವರ್ಷದ ಶಿಕ್ಷೆ ಸಾಕೆಂದು ಇಟಲಿಯ 1930ರ ದಂಡಸಂಹಿತೆ ಹೇಳಿತು. ಆ ವಿಧಿ ರದ್ದಾದದ್ದು 1981ರಲ್ಲಿ. ಬ್ರೌನಿಂಗ್ ಪುಸ್ತಕ ಕೊಂಡ 1860ರಲ್ಲಿಯೇ ಅಂಗೀಕೃತವಾದ ನಮ್ಮ ದಂಡಸಂಹಿತೆಯಲ್ಲಿ ಮಾನದ ಮಾತಿಲ್ಲ. ಆದರೆ ಗಂಭೀರವೂ ಹಠಾತ್ತಾದುದೂ ಆದ ಪ್ರಚೋದನೆಯಿಂದ ಆದ ಕೊಲೆಗೆ ರಿಯಾಯಿತಿಯಿತ್ತು. 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಅದುಂಟು. ಅಲ್ಲಿ ಏಳುವ ಪ್ರಶ್ನೆ ರೋಮಿನದೇ: ಸಿಟ್ಟು ಎಷ್ಟು ಹೊತ್ತು ಸಿಟ್ಟಾಗಿರುತ್ತದೆ? 1959ರಲ್ಲಿ ಮುಂಬಯಿಯಲ್ಲಿ ನಡೆದ ನಾನಾವತಿ ಪ್ರಕರಣದಲ್ಲಿ, ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ನೌಕಾಧಿಕಾರಿಗೆ ಮೂರು ಗಂಟೆಗಳಷ್ಟು ಅವಕಾಶವಿತ್ತೆಂದೂ, ಮನಸ್ಸು ಹತೋಟಿಗೆ ಬರಲು ಅದು ಸಾಕೆಂದೂ ಸುಪ್ರೀಂ ಕೋರ್ಟು 1961ರಲ್ಲಿ ತೀರ್ಪಿತ್ತಿತು. ಆರ್ಕಾಂಜೆಲಿ ಎಂಟು ತಿಂಗಳೂ ಸಾಲದೆಂದಿದ್ದನು.

ಒಂದು ಲೀರಾದ ಆ ಪುಸ್ತಕ ಈಗ ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿನಲ್ಲಿದೆ. ಪೊಂಪೀಲಿಯ ನಿರ್ದೋಷಿಯೆಂದು ಸಾರಿದ ತೀರ್ಪೂ, ಅವಳ ಸಾವು ನ್ಯಾಯವೆಂದು ಸಾಧಿಸಿದ ವಾದವೂ ಅದರ ಒಂದೇ ರಟ್ಟಿನೊಳಗೆ ಇವೆ. ಅವಳ ಹೆಸರನ್ನು ಹಿಂದಕ್ಕೆ ಕೊಡಲು ನ್ಯಾಯಾಲಯಕ್ಕೆ ಕೆಲವು ತಿಂಗಳು ಹಿಡಿಯಿತು. ಅವಳ ಬಾಯಿಗೆ ಮಾತು ಕೊಡಲು ಕಾವ್ಯಕ್ಕೆ ನೂರ ಎಪ್ಪತ್ತು ವರ್ಷ. ಅವಳನ್ನು ಕೊಂದ ವಾದವನ್ನು ತೊಡೆದುಹಾಕಲು ಅವಳ ನಾಡಿನ ಕಾನೂನಿಗೆ ಇನ್ನೂರ ಎಂಬತ್ತಮೂರು. ಮನಸ್ಸುಗಳಿಗೆ ಎಷ್ಟು ಕಾಲ ಬೇಕೆಂಬುದನ್ನು ನಮ್ಮ ಬೆಳಗಿನ ಪತ್ರಿಕೆಯ ಮೂರನೆಯ ಪುಟ ದಿನದಿನವೂ ಹೇಳುತ್ತಿದೆ.